ವಾಲ್ಕಾಟ್‌ನ ಹಳೇ ಲಾರಿಗಳು

ಚಿಕಾಗೋದಿಂದ ಇಂಟರ್‌ಸ್ಟೇಟ್ 80 ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೊರಟರೆ ಎರಡೂ ಕಡೆ ಬರೀ ಮೆಕ್ಕೆಜೋಳದ ಹೊಲ. ಮಿಸಿಸಿಪಿ ನದಿ ದಾಟಿದರೆ ಅಯೋವಾ ರಾಜ್ಯ, ಆಮೇಲೆ ಸ್ವಲ್ಪ ದೂರಕ್ಕೇ ವಾಲ್ಕಾಟ್. ಊರು ಚಿಕ್ಕದು. ಆದರೆ 1964ರಲ್ಲಿ ಶುರುವಾದ ಅಯೋವಾ 80 ಅನ್ನೋ ಲಾರಿ ನಿಲ್ದಾಣ ಇರುವುದು ಇಲ್ಲೇ. ಜಗತ್ತಿನಲ್ಲೇ ದೊಡ್ಡದು ಅಂತ ಅವರೇ ಹೇಳಿಕೊಳ್ಳುತ್ತಾರೆ. ನಿಂತ ಲಾರಿಗಳ ಸಾಲು ನೋಡಿದ ಮೇಲೆ ನಾನಂತೂ ವಾದಕ್ಕೆ ಇಳಿಯಲಿಲ್ಲ.

ಪಕ್ಕದಲ್ಲೇ ಲಾರಿ ಮ್ಯೂಸಿಯಂ. ನಿಲ್ದಾಣ ನಡೆಸುತ್ತಿದ್ದ ಬಿಲ್ ಮೂನ್‌ಗೆ ಹಳೇ ಲಾರಿ ಕೂಡಿಡುವ ಹುಚ್ಚು. ಅವರ ಸಂಗ್ರಹವೇ ಬೆಳೆದು ಈಗ ನೂರಕ್ಕೂ ಜಾಸ್ತಿ ಗಾಡಿಗಳಾಗಿವೆ. ಮೊದಲ ಮಹಾಯುದ್ಧದ ಕಾಲದ, ಮ್ಯಾಕ್ ಕಂಪನಿಯ ಎಸಿ ಅನ್ನೋ ಲಾರಿ ಮಾದರಿ ಗೊತ್ತಲ್ವಾ? ಗಾಳಿಯಿಲ್ಲದ ಗಟ್ಟಿ ರಬ್ಬರ್ ಟೈರು, ಹಿಂದಿನ ಚಕ್ರ ತಿರುಗಿಸಲು ಸೈಕಲ್ಲಿಗಿದ್ದ ಹಾಗೆ ಚೈನು. ರೇಡಿಯೇಟರ್ ಎಂಜಿನ್ನಿನ ಹಿಂದೆ ಇರುವುದರಿಂದ ಬಾನೆಟ್ ಮುಂದಕ್ಕೆ ಇಳಿಜಾರು. ಎಲ್ಲ ಚೆಂದವೇ. ಆದರೆ ಒಳಗಿನ ಗಾಡಿಗಳು ತೀರಾ ಶುಭ್ರ. ಕೆಳಗೆ ಒಂದು ಹನಿ ಆಯಿಲ್ ಸೋರದ ಹಳೇ ಲಾರಿ ನೋಡಿದರೆ ನನಗೇನೋ ಅನುಮಾನ.

ಮಜಾ ಇದ್ದದ್ದು ಹೊರಗೆ. 1979ರಿಂದ ಪ್ರತಿ ಜುಲೈನಲ್ಲಿ ಇಲ್ಲಿ ಲಾರಿಯವರ ಜಾತ್ರೆ ನಡೆಯುತ್ತದೆ. ತಾವೇ ರಿಪೇರಿ ಮಾಡಿದ ಗಾಡಿಗಳನ್ನು ತಂದು ಮೈದಾನದಲ್ಲಿ ನಿಲ್ಲಿಸಿ, ಮಡಿಸುವ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಮಾತಾಡಿಸಿದರೆ ಸಾಕು.

ಮ್ಯಾಕ್ ಬಿ-61 ತಂದಿದ್ದ ಒಬ್ಬ ಅಜ್ಜ ನನ್ನನ್ನು ಕ್ಯಾಬಿನ್ನಿಗೇ ಹತ್ತಿಸಿಕೊಂಡರು. 1953ರಿಂದ 1966ರವರೆಗೆ ತಯಾರಾದ ಬಿ ಸರಣಿಯ ಗಾಡಿ ಅದು. ನೆಲದಿಂದ ಎರಡು ಗೇರ್ ಕಡ್ಡಿಗಳು ಎದ್ದಿದ್ದವು. ಒಂದರಲ್ಲಿ ಐದು, ಇನ್ನೊಂದರಲ್ಲಿ ಮೂರು, ಒಟ್ಟು ಹದಿನೈದು ಗೇರು. ಕೆಲವೊಮ್ಮೆ ಎರಡನ್ನೂ ಒಟ್ಟಿಗೇ ಬದಲಿಸಬೇಕು. ಹಾಗಾದರೆ ಸ್ಟೇರಿಂಗ್ ಯಾರು ಹಿಡೀತಾರೆ? ಅಜ್ಜ ಎಡಗೈಯನ್ನು ಸ್ಟೇರಿಂಗಿನ ಕಂಬಿಗಳ ನಡುವೆ ತೂರಿಸಿ ಒಂದು ಕಡ್ಡಿ ಹಿಡಿದರು, ಬಲಗೈಯಲ್ಲಿ ಇನ್ನೊಂದು. ಮೊಣಕೈಯೇ ಸ್ಟೇರಿಂಗ್ ಕಾಯುತ್ತಿತ್ತು. ಕ್ಲಚ್ ಒತ್ತಿ, ನ್ಯೂಟ್ರಲ್, ಬಿಟ್ಟು, ಮತ್ತೆ ಒತ್ತಿ ಗೇರು. ಮೀಟರಿನ ಕಡೆ ಒಮ್ಮೆಯೂ ನೋಡಲಿಲ್ಲ. ಎಂಜಿನ್ ಸದ್ದು ಇಳಿಯುವುದನ್ನು ಕೇಳಿಯೇ ಕೈ ಆಡಿಸಿದರು. ಕಟ್ ಅನ್ನೋ ಸದ್ದೂ ಬರಲಿಲ್ಲ.

"ಗುಡ್ಡ ಹತ್ತುವಾಗ ಒಂದು ಗೇರು ತಪ್ಪಿತೋ, ಲೋಡ್ ಸಮೇತ ಅಲ್ಲೇ ನಿಂತೆ ಅಂತ," ಅಂದರು.

ಈ ಗಾಡಿ ಸಿಕ್ಕಿದ್ದು ಒಂದು ಹೊಲದ ಅಂಚಿನಲ್ಲಂತೆ, ಎಂಜಿನ್ ಜಾಮ್ ಆಗಿ. ಸಿಲಿಂಡರುಗಳಿಗೆ ಆಯಿಲ್ ಸುರಿದು, ದಿನಗಟ್ಟಲೆ ನೆನೆಯಲು ಬಿಟ್ಟು, ಉದ್ದನೆಯ ಸಲಾಕೆ ಹಾಕಿ ಕೂದಲೆಳೆಯಷ್ಟು ಅತ್ತ, ಅಷ್ಟೇ ಇತ್ತ ಆಡಿಸುತ್ತಾ ಬಿಡಿಸಿದ್ದಾರೆ. ಜೋರು ಮಾಡಿದರೆ ಪಿಸ್ಟನ್ ಕೈಗೆ ಬರುತ್ತದೆ. ಅವರಿಗೆ ಭಯವಿದ್ದದ್ದು ಮಾತ್ರ ಚಕ್ರದ ಬಗ್ಗೆ. ಹಳೇ ರಿಮ್ಮಿನಲ್ಲಿ ಟೈರು ಹಿಡಿದಿಡುವ ರಿಂಗು ತುಕ್ಕು ಹಿಡಿದಿದ್ದರೆ ಗಾಳಿ ತುಂಬುವಾಗ ಗುಂಡಿನ ಹಾಗೆ ಹಾರಬಹುದು, ಜೀವವೇ ಹೋಗಬಹುದು. ಅದಕ್ಕೇ ಕಬ್ಬಿಣದ ಪಂಜರದೊಳಗಿಟ್ಟು ದೂರದಿಂದಲೇ ಗಾಳಿ ಹಾಕುವುದು.

ಪಕ್ಕದ ಗಾಡಿಯವರು ಪೇಂಟನ್ನೇ ಮುಟ್ಟಿರಲಿಲ್ಲ. ಬಾಗಿಲ ಮೇಲೆ ಹಳೇ ಮಾಲೀಕನ ಅಕ್ಷರ ಇನ್ನೂ ಅರ್ಧಂಬರ್ಧ ಕಾಣುತ್ತಿತ್ತು. ಹೊಸ ಪೇಂಟ್ ಹೊಡೆದರೆ ದುಡಿದ ಗುರುತೇ ಹೋಗುತ್ತೆ ಅಂತ ಅವರ ವಾದ. ತುಕ್ಕು ಚಾಸಿ ತಿನ್ನೋವರೆಗೂ ಗುರುತು ಇಟ್ಕೊಂಡಿರು ಅಂತ ಅಜ್ಜನ ಉತ್ತರ. ನಾನು ಪಕ್ಕದವರ ಕಡೆ. ಹಾಗಂತ ಅಜ್ಜನ ಎದುರು ಹೇಳಲಿಲ್ಲ, ಅವರು ಇನ್ನೊಂದು ಸುತ್ತು ಕರೆದುಕೊಂಡು ಹೋಗುವುದಾಗಿ ಹೇಳಿದ್ದರು.