ಗಾಜಿಗೂ ಚಳಿ ಬಿಡಬೇಕು

ಪಿಯುಸಿಯಲ್ಲಿ ಎರಡು ಸಬ್ಜೆಕ್ಟ್ ಹೋಗಿ ಮನೆಯಲ್ಲಿ ಕೂತಿದ್ದೆ. ಸುಮ್ನೆ ಕೂತು ತಿನ್ನುವುದು ಬೇಡ ಅಂತ ಅಪ್ಪ ಮಡಿಕೇರಿಯ ಒಂದು ಗಾಜಿನ ಅಂಗಡಿಗೆ ಸೇರಿಸಿದರು. ಮುಂದೆ ಫೋಟೋಗೆ ಕಟ್ಟು ಹಾಕುವ ಅಂಗಡಿ, ಹಿಂದೆ ಜಿಂಕ್ ಶೀಟಿನ ಶೆಡ್ಡು. ಗಾಜು ಕೊಯ್ಯುವುದು ಆ ಶೆಡ್ಡಿನಲ್ಲಿ.

ಡಿಸೆಂಬರ್ ಬೆಳಗ್ಗೆ ಅದರೊಳಗೆ ಹೋದರೆ ಹೊರಗಿಗಿಂತ ಜಾಸ್ತಿ ಚಳಿ. ರಾತ್ರಿ ಮಾಡಿನ ಒಳಗಡೆ ಕಟ್ಟಿದ ನೀರು ಎಂಟು ಗಂಟೆಗೆ ತೊಟಕ್ ತೊಟಕ್ ಅಂತ ಬೀಳುತ್ತಿತ್ತು. ಅದೂ ಸರಿಯಾಗಿ ಕಾಲರ್ ಒಳಗೇ.

ಅಲ್ಲಿ ಗಾಜು ಕೊಯ್ಯುತ್ತಿದ್ದವರು ವಯಸ್ಸಾದ ಒಬ್ಬರು. ಎಲ್ಲರೂ ಅವರನ್ನು ಕಾಕ ಅಂತಲೇ ಕರೆಯುತ್ತಿದ್ದರು. ಸ್ವೆಟರ್ ಮೇಲೆ ಸ್ವೆಟರ್, ತಲೆಗೆ ಮಫ್ಲರ್. ಆದರೆ ಕೈಗೆ ಮಾತ್ರ ಏನೂ ಇಲ್ಲ. ಗ್ಲೌಸ್ ಹಾಕಿದರೆ ಕಟರ್ ಏನು ಹೇಳುತ್ತೆ ಅಂತ ಕೈಗೆ ಗೊತ್ತಾಗಲ್ಲ ಅನ್ನುತ್ತಿದ್ದರು.

ಆ ವರ್ಷ ಹುತ್ತರಿ ಡಿಸೆಂಬರಿಗೆ ಬಿದ್ದಿತ್ತು. ಹಬ್ಬಕ್ಕೆ ಮುಂಚೆ ಹಳೇ ತೋಟದ ಮನೆಯೊಂದರ ಕಿಟಕಿಗಳಿಗೆ ಇಪ್ಪತ್ತನಾಲ್ಕು ಗಾಜು ಬೇಕಿತ್ತು. 12 ಇಂಚು, 10 ಇಂಚು. ಕಾಕ ಒಂದೊಂದು ಸೂತು, ಅಂದರೆ ಇಂಚಿನ ಎಂಟನೇ ಒಂದು ಭಾಗ, ಕಡಿಮೆಯೇ ಬರೆದುಕೊಂಡರು. ಮಳೆಗಾಲದಲ್ಲಿ ಇಲ್ಲಿನ ಮರ ಉಬ್ಬುತ್ತದೆ, ಗಾಜು ಬಿಗಿಯಾಗಿ ಕೂತಿದ್ದರೆ ಕತೆ ಮುಗಿಯಿತು.

6 ಅಡಿಗೆ 4 ಅಡಿಯ 4 ಎಂಎಂ ಶೀಟು ತೆಗೆದೆವು. ಚದರ ಅಡಿಗೆ ಹತ್ತಿರ ಹತ್ತಿರ ಒಂದು ಕೆಜಿ ಲೆಕ್ಕ, ಇಪ್ಪತ್ತೆರಡು ಕೆಜಿ ಐಸಿನಂಥ ಭಾರ. ನಡುವೆ ಇಟ್ಟಿದ್ದ ಪೇಪರ್ ತೇವಕ್ಕೆ ಅಂಟಿಕೊಂಡು ಗಾಜಿನ ಮೇಲೆ ಸಿನಿಮಾ ಜಾಹೀರಾತಿನ ಅರ್ಧ ಮುಖ ಉಳಿದಿತ್ತು. ಬೆಂಚಿನ ಕಂಬಳಿಯ ಮೇಲೆ ಮಲಗಿಸಿದೆವು.

'ಒರೆಸಿಡು ಮೋನೇ, ಬಂದೆ' ಅಂತ ಕಾಕ ಮುಂದೆ ಹೋದರು.

ನೀರಲ್ಲಿ ಕೈ ಅದ್ದುವುದು ನೆನೆಸಿಕೊಂಡೇ ನಡುಕ. ಪಕ್ಕದಲ್ಲಿ ಸ್ಟವ್ ಮೇಲೆ ಚಹಾಕ್ಕಿಟ್ಟ ಕೆಟಲ್ ಕುದಿಯುತ್ತಿತ್ತು. ಬಿಸಿ ನೀರು ಹಾಕಿದರೆ ಪೇಪರೂ ಬಿಡುತ್ತೆ, ಕೈಗೂ ಬೆಚ್ಚಗೆ, ಅಲ್ವಾ? ಆ ಮುಖದ ಮೇಲೆಯೇ ಸುರಿದೆ.

ಟಿಕ್.

ಅಷ್ಟೇ ಸದ್ದು. ಲೋಟ ಬಿದ್ದ ಹಾಗೆ ಗಲಾಟೆ ಏನಿಲ್ಲ. ಅಂಚಿನಿಂದ ಒಂದು ಗೆರೆ ಹೊರಟು ಬಳುಕುತ್ತಾ ಒಳಗೆ ಬಂದು, ಬಿಸಿ ಜಾಗವನ್ನು ದಾಟಿ, ಮೂಲೆಯ ಹತ್ತಿರ ಆಚೆ ಹೋಯಿತು. ಬಿಸಿ ತಾಗಿದ ಜಾಗ ಹಿಗ್ಗಲು ನೋಡುತ್ತದೆ, ಸುತ್ತಲಿನ ತಣ್ಣಗಿನ ಗಾಜು ಬಿಡುವುದಿಲ್ಲ. ಆ ಎಳೆದಾಟದಲ್ಲಿ ಅಂಚಿನ ಯಾವುದೋ ಸಣ್ಣ ಚಕ್ಕೆಯಿಂದ ಬಿರುಕು ಶುರುವಾಗುತ್ತದೆ. ಇದು ಫಿಸಿಕ್ಸ್. ನಾನು ಫೇಲಾದ ಎರಡರಲ್ಲಿ ಒಂದು.

ಕಾಕ ಬಂದು ನೋಡಿದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಬಿರುಕಿನ ಮೇಲೆ ಉಗುರು ಆಡಿಸಿ, ಅಂಗುಲದ ಪಟ್ಟಿ ಇಟ್ಟು ಲೆಕ್ಕ ಹಾಕಿ, 'ಹತ್ತೊಂಬತ್ತು ಸಿಗುತ್ತೆ. ನೀನೇ ಕೊಯ್ಯಿ' ಅಂದರು. ಅಲ್ಲಿಯವರೆಗೆ ನಾನು ಕಟರ್ ಹಿಡಿದದ್ದು ಚೂರುಗಳ ಮೇಲೆ ಮಾತ್ರ.

ಗಾಜು ಕೊಯ್ಯುವುದು ಅಂತ ಹೇಳುತ್ತೇವೆ, ನಿಜಕ್ಕೂ ಗೀರುವುದಷ್ಟೇ. ಕಟರಿನ ತುದಿಯ ಪುಟ್ಟ ಚಕ್ರ ಮೇಲೆ ಒಂದು ಗೆರೆ ಎಳೆಯುತ್ತದೆ. ಆಮೇಲೆ ಬಗ್ಗಿಸಿದಾಗ ಗಾಜು ತಾನೇ ಆ ಗೆರೆ ಹಿಡಿದು ಬಿಡುತ್ತದೆ. ಚಕ್ರವನ್ನು ಸೀಮೆಎಣ್ಣೆ ಹತ್ತಿಗೆ ಒತ್ತಿ, ಆ ಅಂಚಿನಿಂದ ಈ ಅಂಚಿಗೆ ಒಂದೇ ಸಲ. ಅದೇ ಗೆರೆಯ ಮೇಲೆ ಇನ್ನೊಮ್ಮೆ ಓಡಿಸಿದರೆ ಗಾಜೂ ಹಾಳು, ಚಕ್ರವೂ ಹಾಳು.

ನನ್ನ ಬೆರಳು ಮರಗಟ್ಟಿತ್ತು. ಎಷ್ಟು ಒತ್ತುತ್ತಿದ್ದೇನೆ ಅಂತಲೇ ತಿಳಿಯದು. ಮೊದಲನೇ ಗೆರೆ ಸಕ್ಕರೆ ತುಳಿದ ಹಾಗೆ ಕರಕರ ಅಂದಿತು, ಬಿಳೀ ಪುಡಿ ಎದ್ದಿತು.

'ಜಾಸ್ತಿ ಆಯ್ತು. ಕಿವಿ ಕೊಡು.'

ಎರಡನೆಯದಕ್ಕೆ ಕೈ ಹಗುರ ಮಾಡಿದೆ. ಈ ಸಲ ಸರ್ರ್ ಅಂತ ಒಂದೇ ದನಿ, ಹೊಸ ಬಟ್ಟೆ ಹರಿದಂತೆ. ಗೆರೆ ಕಣ್ಣಿಗೆ ಕಾಣಲೇ ಇಲ್ಲ, ಬೆಳಕಿಗೆ ಓರೆಯಾಗಿ ನೋಡಿದರೆ ಕೂದಲಿನಷ್ಟು. ಗೆರೆಯನ್ನು ಬೆಂಚಿನ ಅಂಚಿಗೆ ತಂದು, ಎರಡೂ ಕೈಯಲ್ಲಿ ಕೆಳಗೆ ಒತ್ತಿದೆ. ಟಪ್. ರೇಜರಿನಂಥ ಅಂಚು. ನನಗೇ ನಂಬಿಕೆ ಬರಲಿಲ್ಲ.

ಹತ್ತೋ ಹನ್ನೊಂದೋ ಆದಮೇಲೆ ಗಾಜಿನ ಮೇಲೆ ಕೆಂಪು ಚುಕ್ಕಿ ಕಂಡಿತು. ಎಲ್ಲಿಂದ ಬಂತಪ್ಪಾ ಅಂತ ಒರೆಸಿದೆ, ಮತ್ತೆ ಬಂತು. ನನ್ನದೇ ಹೆಬ್ಬೆರಳು. ಚಳಿಗೆ ಒಂಚೂರೂ ನೋವಿರಲಿಲ್ಲ. ನೋವು ಬಂದದ್ದು ಮಧ್ಯಾಹ್ನ ಬಿಸಿಲು ಬಿದ್ದಮೇಲೆ, ಬಾಕಿ ಬಡ್ಡಿ ಸಮೇತ.

ಹದಿನೇಳು ಸರಿಯಾಗಿ ಬಂದವು, ಎರಡು ಕೆಟ್ಟವು. ಉಳಿದ ಏಳನ್ನು ಕಾಕ ಇನ್ನೊಂದು ಶೀಟಿನಿಂದ ಕಾಲು ಗಂಟೆಯಲ್ಲಿ ಮುಗಿಸಿದರು. ಸೊಟ್ಟ ಚೂರುಗಳನ್ನು ಪೋಸ್ಟ್‌ಕಾರ್ಡ್ ಸೈಜಿನ ಫ್ರೇಮಿಗೆ ಅಂತ ಎತ್ತಿಟ್ಟರು. ಓನರಿಗೆ ಏನು ಹೇಳಿದರೋ ಗೊತ್ತಿಲ್ಲ, ನನ್ನ ಸಂಬಳ ಕಟ್ ಆಗಲಿಲ್ಲ.

ಸಂಜೆ ಮರುದಿನದ ಶೀಟನ್ನು ಈಗಲೇ ಮುಂದಿನ ಅಂಗಡಿಯೊಳಗೆ ತಂದು ಗೋಡೆಗೆ ಒರಗಿಸು ಅಂದರು. 'ರಾತ್ರಿ ಇಲ್ಲಿರಲಿ. ಅದಕ್ಕೂ ಚಳಿ ಬಿಡಬೇಕಲ್ಲ.'

ಬೆಳಗ್ಗೆ ಬಂದು ನೋಡಿದರೆ ಸ್ಟವ್ವು, ಕೆಟಲ್ಲು ಎರಡೂ ಬೆಂಚಿನ ಹತ್ತಿರ ಇಲ್ಲ. ಶೆಡ್ಡಿನ ಆ ತುದಿಯಲ್ಲಿ, ಪುಟ್ಟಿ ಡಬ್ಬಗಳ ಹಿಂದೆ ಕೂತಿದ್ದವು. ಚಹಾ ಬೇಕಾದಾಗಲೆಲ್ಲ ಅಲ್ಲಿಯವರೆಗೆ ನಡೆಯುವ ಕೆಲಸ ನನ್ನದೇ.