ಗಾಳಿ ಹೋಯಿತು, ಕಾಗದ ಬಂತು

2022ರ ಸೆಪ್ಟೆಂಬರ್ ಕೊನೆಯಲ್ಲಿ ಇಯಾನ್ ಚಂಡಮಾರುತ ಅಮೆರಿಕದ ಫ್ಲೋರಿಡಾ ರಾಜ್ಯದಲ್ಲಿರುವ ನಮ್ಮ ಟ್ಯಾಂಪಾ ಕಡೆಗೇ ಬರುತ್ತದೆ ಅಂದಿದ್ದರು. 28ರಂದು ಅದು ದಕ್ಷಿಣಕ್ಕೆ ಸರಿದು ಫೋರ್ಟ್ ಮೈಯರ್ಸ್ ಹತ್ತಿರ ಅಪ್ಪಳಿಸಿತು. ಅಲ್ಲಿಯವರ ಪಾಡು ನೋಡಿ ಕರುಳು ಚುರುಕ್ ಅಂದಿತು. ನಮ್ಮ ಚಾವಣಿಯ ಒಂದು ಹೆಂಚೂ ಹಾರಲಿಲ್ಲ. ಊರಿಂದ ಫೋನ್ ಮಾಡಿದ ಅಣ್ಣನಿಗೆ "ನಾವು ಪಾರಾದೆವು" ಅಂದೆ.

ಕೆಲವು ತಿಂಗಳಿಗೆ ವಿಮಾ ಕಂಪನಿಯಿಂದ ಕಾಗದ ಬಂತು. ನಿಮ್ಮ ಪಾಲಿಸಿ ಮುಂದುವರಿಸುವುದಿಲ್ಲ, ಅಷ್ಟೆ.

ಇಲ್ಲಿ ಸಾಲ ಇರುವ ಮನೆಗೆ ವಿಮೆ ಇರಲೇಬೇಕು. ಇಲ್ಲದಿದ್ದರೆ ಸಾಲ ಕೊಟ್ಟವರೇ ದುಬಾರಿ ವಿಮೆ ಹಾಕಿಸಿ ನಮ್ಮಿಂದ ವಸೂಲಿ ಮಾಡುತ್ತಾರೆ. ಮಾರಿಬಿಡೋಣ ಅಂದರೆ, ಕೊಳ್ಳುವವರಿಗೂ ವಿಮೆ ಸಿಗಬೇಕಲ್ವಾ? ವಿಮೆ ಇಲ್ಲದೆ ಅವರಿಗೆ ಸಾಲ ಇಲ್ಲ. ಸಾಲ ಹುಟ್ಟದ ಮನೆಗೆ ಬೆಲೆ ನಿಲ್ಲುವುದಿಲ್ಲ. ಆ ಮನೆಯನ್ನೇ ನಂಬಿ ಸಾಲ ಕೊಟ್ಟ ಬ್ಯಾಂಕಿನ ಕಾಲಡಿಯ ನೆಲವೂ ಸಡಿಲವಾಗುತ್ತದೆ. ಗಾಳಿ ಬೀಸದ ಬೀದಿಗೂ ಅದರ ಪೆಟ್ಟು ತಲುಪುವುದು ಹೀಗೆ. ನನಗೆ ಇದು ಅರ್ಥವಾಗಿದ್ದು ಆ ಕಾಗದ ಕೈಯಲ್ಲಿ ಹಿಡಿದ ಮೇಲೆಯೇ.

ವಿಮಾ ಕಂಪನಿಗಳೂ ತಮಗೆ ವಿಮೆ ಮಾಡಿಸಿಕೊಳ್ಳುತ್ತವೆ, ಅದಕ್ಕೆ ಮರುವಿಮೆ ಅನ್ನುತ್ತಾರೆ. ಅದನ್ನು ಮಾರುವ ದೊಡ್ಡ ಕಂಪನಿಗಳು ಮ್ಯೂನಿಕ್, ಜ್ಯೂರಿಕ್, ಬರ್ಮುಡಾದಲ್ಲಿವೆ. ಅವರು ದರ ಏರಿಸಿದರೆ ಇಲ್ಲಿ ನಮ್ಮ ತಿಂಗಳ ಕಂತು ಏರುತ್ತದೆ. ಫ್ಲೋರಿಡಾದ ಸಣ್ಣ ಕಂಪನಿಗಳಂತೂ ಈ ಮರುವಿಮೆಯ ಮೇಲೆಯೇ ನಿಂತಿವೆ. ಇಯಾನ್‌ಗೆ ಮೊದಲೇ, ಅದೇ ವರ್ಷ ಕೆಲವು ಮುಳುಗಿದ್ದವು. ಅದಕ್ಕೆ ಕೋರ್ಟು ಕೇಸುಗಳ ಖರ್ಚೂ ಕಾರಣ, ಬರೀ ಹವಾಮಾನ ಅಲ್ಲ. 1992ರ ಆಂಡ್ರೂ ಚಂಡಮಾರುತದ ನಂತರವೂ ಹೀಗೆಯೇ ಹಲವು ಕಂಪನಿಗಳು ದಿವಾಳಿಯಾಗಿದ್ದವು.

ಯಾರೂ ವಿಮೆ ಕೊಡದಿದ್ದರೆ ಕೊನೆಗೆ ಉಳಿಯುವುದು 2002ರಲ್ಲಿ ರಾಜ್ಯವೇ ಕಟ್ಟಿದ ಸಿಟಿಜನ್ಸ್ ಎಂಬ ವಿಮಾ ಸಂಸ್ಥೆ. ನಾವೂ ಅಲ್ಲಿಗೇ ಹೋದೆವು. 2023ರಲ್ಲಿ ಅದರ ಪಾಲಿಸಿಗಳು 13 ಲಕ್ಷ ದಾಟಿದ್ದವು. ಒಂದೇ ಬುಟ್ಟಿಯಲ್ಲಿ ಅಷ್ಟು ಮನೆಗಳು! ದೊಡ್ಡ ಗಾಳಿ ಬಂದು ಅದರ ಗಲ್ಲಾಪೆಟ್ಟಿಗೆ ಖಾಲಿಯಾದರೆ, ಕೊರತೆಯನ್ನು ರಾಜ್ಯದ ಬೇರೆ ಪಾಲಿಸಿದಾರರ ಮೇಲೂ ಹೇರಬಹುದು. ಬಾಡಿಗೆ ಮನೆಯಲ್ಲಿದ್ದು ಬರೀ ಕಾರಿಗೆ ವಿಮೆ ಮಾಡಿಸಿದವರೂ ಕೊಡಬೇಕು. 2004, 2005ರ ಚಂಡಮಾರುತಗಳ ಕೊರತೆಗೆ ಹಾಕಿದ ಇಂಥ ವಸೂಲಿ 2015ರವರೆಗೂ ನಡೆಯಿತು.

ಪಕ್ಕದ ಮನೆಯ ಅಜ್ಜಿಯ ಸಾಲ ತೀರಿದೆ. ಕಂತು ಕಟ್ಟಲಾಗದೆ ಅವರು ವಿಮೆಯನ್ನೇ ಬಿಟ್ಟಿದ್ದಾರೆ. ಜೂನ್ 1ಕ್ಕೆ ಚಂಡಮಾರುತದ ಕಾಲ ಶುರು. ಅಂದಿನಿಂದ ನವೆಂಬರ್ ಮುಗಿಯುವವರೆಗೆ, ಟಿವಿಯಲ್ಲಿ ಹವಾಮಾನ ವರದಿ ಬರುವ ಹೊತ್ತಿಗೆ ನಾನು ಅವರ ಜೊತೆ ಹೋಗಿ ಕೂರುತ್ತೇನೆ.