ಎವೊಲೆನ್‌ಗೆ ಹೋಗೋರು ರೂಮಿನ ರೇಟ್ ಪೂರ್ತಿ ಓದ್ಕೊಳ್ಳಿ

ಮೊದ್ಲೇ ಹೇಳ್ಬಿಡ್ತೀನಿ, ನಂಗೆ ಜನಜಂಗುಳಿ ಆಗಿಬರಲ್ಲ. ಇಂಟರ್ಲಾಕನ್‌ನಲ್ಲಿ ಒಂದು ಫೋಟೋಗೆ ಅಷ್ಟುದ್ದ ಕ್ಯೂ ನಿಂತು ತಲೆಕೆಟ್ಟ ಮೇಲೇ ಈ ಎವೊಲೆನ್ ಹುಡುಕಿದ್ದು. ಸ್ವಿಟ್ಜರ್ಲೆಂಡಿನ ವಾಲೆ ಪ್ರಾಂತ್ಯದಲ್ಲಿ ಫ್ರೆಂಚ್ ಮಾತಾಡೋ ಕಡೆ ಬರುತ್ತೆ, ಎವೊಲೆನ್, ಲೆ ಓದೆರ್, ಅರೋಲಾ, ಲಾ ಸಾಜ್ ಎಲ್ಲಾ ಹಳ್ಳಿ ಸೇರಿದ್ರೂ ಜನ 1700ರ ಆಸುಪಾಸು. ಇಂಡಿಯನ್ ಊಟ ಬೇಕೇ ಬೇಕು ಅನ್ನೋರು ಈ ಕಡೆ ತಲೆ ಹಾಕ್ಬೇಡಿ.

ರೂಮಿನ ವಿಷ್ಯ. ಬುಕ್ ಮಾಡುವಾಗ ಒಂದು ರೇಟು, ಕೀ ಕೊಡುವಾಗ ಇನ್ನೊಂದು. ಕೊನೇ ದಿನದ ಕ್ಲೀನಿಂಗಿಗೆ ಇಷ್ಟು, ಬೆಡ್‌ಶೀಟ್ ಟವೆಲಿಗೆ ಇಷ್ಟು, ತಲೆಗೆ ದಿನಕ್ಕಿಷ್ಟು ಟೂರಿಸ್ಟ್ ಟ್ಯಾಕ್ಸು, ಎಲ್ಲಾ ಕೂಡಿದ್ರೆ ಒಂದೂವರೆ ಪಟ್ಟು! ಟ್ಯಾಕ್ಸ್ ಬಿಡಿ, ಅದು ಎಲ್ರೂ ತಗೋತಾರೆ, ಆದ್ರೆ ಬೆಡ್‌ಶೀಟಿಗೆ ದುಡ್ಡಾ? ಹಾಸಿಗೆ ಫ್ರೀ ಕೊಟ್ರು, ಪುಣ್ಯ. ಮೌಂಟನ್ ವ್ಯೂ ಅಂತ ಹಾಕಿದ್ರಲ್ಲ, ಕಿಟಕಿ ತೆಗೆದ್ರೆ ಪಕ್ಕದ ಮನೆಯವ್ರು ಚಳಿಗಾಲಕ್ಕೆ ಪೇರಿಸಿಟ್ಟ ಸೌದೆ ಕಾಣ್ಸುತ್ತೆ, ಸೊಂಟದವರೆಗೆ ಹೊರಗೆ ಬಗ್ಗಿದ್ರೆ ಮಾತ್ರ ಡಾಂ ಬ್ಲಾಂಶ್ ಶಿಖರದ ಒಂದು ಮೂಲೆ.

ಎವೊಲೆನ್ ಬಸ್ಸು ವಾಲೆಯ ಮುಖ್ಯ ಪಟ್ಟಣ ಸಿಯೋನ್‌ನ ರೈಲ್ವೆ ಸ್ಟೇಷನ್ ಎದುರಿಂದಲೇ ಹೊರಡುತ್ತೆ, ಹಾಫ್ ಫೇರ್ ಕಾರ್ಡ್ ಇದ್ರೆ ಇದಕ್ಕೂ ನಡೆಯುತ್ತೆ. ದಾರೀಲಿ ಯೂಸೇನ್ ಹತ್ರ ಮಣ್ಣಿನ ಕಂಬಗಳು, ಒಂದೊಂದರ ತಲೆ ಮೇಲೂ ಒಂದೊಂದು ಬಂಡೆ ಟೋಪಿ ಥರ ಕೂತಿದೆ, ಬಂಡೆ ಇರೋದಕ್ಕೇ ಮಳೆಗೆ ಕೆಳಗಿನ ಮಣ್ಣು ಕರಗದೆ ಉಳ್ಕೊಂಡಿದೆ. ರಸ್ತೆ ಅದರಡಿ ಸುರಂಗದಲ್ಲೇ ಹೋಗುತ್ತೆ, ನಿದ್ದೆ ಮಾಡ್ಬೇಡಿ.

ನಾನು ಮಾಡಿದ ತಪ್ಪು: ಅರೋಲಾಗೆ ಹೋಗೋರು ಲೆ ಓದೆರ್‌ನಲ್ಲಿ ಬಸ್ ಬದಲಾಯಿಸ್ಬೇಕು. ನಾನು ಇದೇ ಬಸ್ ಮುಂದೆ ಹೋಗುತ್ತೆ ಅಂತ ಆರಾಮಾಗಿ ಕೂತಿದ್ದೆ, ಡ್ರೈವರ್ ಇಂಜಿನ್ ಆಫ್ ಮಾಡಿ ತಿರುಗಿ ನೋಡಿದಾಗ್ಲೇ ಗೊತ್ತಾಗಿದ್ದು. ಅಷ್ಟರಲ್ಲಿ ಆ ಬಸ್ ಹೋಗಿತ್ತು, ಮಳೆ ಬೇರೆ, ಮುಂದಿನದಕ್ಕೆ ಒಂದೂವರೆ ಗಂಟೆ ಕಾಯ್ಬೇಕಿತ್ತು. ನೆನೆದುಕೊಂಡು ಹತ್ರ ಇದ್ದ ಸಣ್ಣ ಕೆಫೆಗೆ ನುಗ್ಗಿದೆ.

ಅಲ್ಲಿ ತಿಂದ ರಾಕ್ಲೆಟ್ ಬಗ್ಗೆ ಎಷ್ಟು ಬರೆದ್ರೂ ಕಮ್ಮಿ. ಚೀಸಿನ ಅರ್ಧ ಚಕ್ರನ ಬೆಂಕಿಗೆ ಹಿಡಿದು, ಮೇಲಿನ ಪದರ ಗುಳ್ಳೆ ಬಂದು ಕರಗ್ತಿದ್ದಂಗೆ ಚಾಕು ಬೆನ್ನಿಂದ ಸರ್‍ರಂತ ತಟ್ಟೆಗೆ ಕೆರೀತಾರೆ, ಜೊತೆಗೆ ಸಿಪ್ಪೆ ಸಮೇತ ಬೇಯಿಸಿದ ಆಲೂಗಡ್ಡೆ, ಹುಳಿ ಸೌತೆ ಮಿಡಿ, ಈರುಳ್ಳಿ. ಅಂಚಲ್ಲಿ ಸ್ವಲ್ಪ ಸೀದಿರೋದೇ ರುಚಿ, ದೋಸೆ ಅಂಚಿನ ಥರ. ಒಂದು ಸಲ ಕೆರೆದಿದ್ದಕ್ಕೆ ಇಷ್ಟು ಅಂತ ಲೆಕ್ಕ, ನಾಲ್ಕು ತಿಂದ್ರೂ ಸಿಯೋನ್‌ನಲ್ಲಿ ತಿಂದ ಒಣಕಲು ಪಿಜ್ಜಾಗಿಂತ ಕಮ್ಮಿನೇ ಆಯ್ತು. ಕಟ್ಟುನಿಟ್ಟು ಸಸ್ಯಾಹಾರಿಗಳು ಗಮನಿಸಿ, ಇಲ್ಲಿನ ಚೀಸಿಗೆ ಹೆಪ್ಪು ಹಾಕೋದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್. ನಾನು ತಿಂದಾದ ಮೇಲೆ ತಿಳ್ಕೊಂಡೆ, ಮನೇಲಿ ಹೇಳಿಲ್ಲ.

ಕೆಫೆ ಅಜ್ಜಿ ಮತ್ತೆ ಪಕ್ಕದ ಟೇಬಲ್ಲಿನ ತಾತ ಮಾತಾಡ್ಕೊಳ್ತಿದ್ದಿದ್ದು ನಾನು ಕಲ್ತ ಫ್ರೆಂಚಿಗೆ ಸಿಗ್ಲೇ ಇಲ್ಲ. ಅದು ಪಾತ್ವಾ ಅಂತೆ, ಈ ಕಡೆಯ ಹಳ್ಳಿ ಮಾತು, ಫ್ರೆಂಚಿಗಿಂತ ಬೇರೇನೇ, ಮಕ್ಕಳು ಇವತ್ತಿಗೂ ಮನೇಲಿ ಇದನ್ನ ಕಲಿಯೋ ಊರುಗಳು ಉಳಿದಿರೋದು ತೀರಾ ಕಮ್ಮಿ, ಅದ್ರಲ್ಲಿ ಇದೊಂದು. ನಮ್ಮನೇಲಿ ಹವಿಗನ್ನಡ, ಹೊರಗೆ ಬೇರೆ ಕನ್ನಡ, ಹಾಗಾಗಿ ಒಂಥರಾ ಖುಷಿ ಆಯ್ತು. ಗೋಡೆ ಮೇಲೆ ಮಕ್ಕಳ ಫೋಟೋಗಿಂತ ಹಸುಗಳ ಫೋಟೋನೇ ಜಾಸ್ತಿ! ಎರಾನ್ಸ್ ತಳಿ, ಗಿಡ್ಡ, ಕಪ್ಪು, ಪೈಲ್ವಾನ್ ಕುತ್ತಿಗೆ. ಹಟ್ಟಿಯಿಂದ ಹೊರಬಿಟ್ರೆ ಯಾರು ದೊಡ್ಡವಳು ಅಂತ ತಾವೇ ಕೊಂಬು ಕೊಟ್ಟು ತೀರ್ಮಾನ ಮಾಡ್ಕೋತವೆ, ಹಿಂದೆ ಸರಿದವಳು ಸೋತಳು, ಗೆದ್ದವಳು ರಾಣಿ. ತಾತ ಒಂದು ಫೋಟೋ ತೋರಿಸಿ ಹಸುವಿನ ಹೆಸರು ಹೇಳಿ ಎದೆ ತಟ್ಕೊಂಡ್ರು.

ದಾರೀಲಿ ಯಾರು ಸಿಕ್ಕಿದ್ರೂ ಬೊಂಝೂರ್ ಅನ್ನಿ, ಅಂದ್ರೆ ಮುಖ ಅರಳುತ್ತೆ. ಅರೋಲಾ ದಾರೀಲಿರೋ ಲಾ ಗೂಯ್ ಸ್ಟಾಪಿಂದ ನೀಲಿ ಕೆರೆಗೆ ಮುಕ್ಕಾಲು ಗಂಟೆ ಏರು, ಬೆಳಗ್ಗೆ ಬೇಗ ಹೋದ್ರೆ ಕೆರೆ ಪೂರ್ತಿ ನಿಮ್ದೇ. ಆ ಕೆಫೆಗೆ ಹೋಗೋದಾದ್ರೆ ಎರಡರೊಳಗೆ ಹೋಗಿ, ನಾನು ಮರುದಿನ ಎರಡೂಕಾಲಿಗೆ ಹೋದೆ, ಅಜ್ಜಿ ಒಲೆ ಆರಿಸಿ ನೆಲ ಒರೆಸ್ತಾ ಇದ್ರು.